ದೇವರಿಗೂ ಜನರಿಗೂ ಕಿವಿಗೊಟ್ಟ ಕಿಟ್ಟೆಲ್

ಜರ್ಮನಿಯಲ್ಲಿ 1832ರಲ್ಲಿ ಜನಿಸಿದ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರು ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಕರ್ನಾಟಕಕ್ಕೆ ಬಂದರು. ನೇಸರಗಿ ಸೀಮೆಗೆ ನೆರೆಯ ಧಾರವಾಡವೂ ಅವರ ಕಾರ್ಯಕ್ಷೇತ್ರವಾಗಿತ್ತು.

ದಿನವೂ ಬೈಬಲ್ ಓದಿ, ಮೌನವಾಗಿ ದೇವರಿಗೆ ಕಿವಿಗೊಡಲು ಸಮಯ ಮೀಸಲಿಡುವುದು ಆ ಮಿಷನ್ನಿನ ಭಕ್ತಿ ಪರಂಪರೆ. ಕಿಟ್ಟೆಲ್ ಅವರು ಜನರ ನುಡಿಗೂ ಅಷ್ಟೇ ಶ್ರದ್ಧೆಯಿಂದ ಕಿವಿಗೊಟ್ಟರು. ಭಾಷಾಧ್ಯಯನದಲ್ಲಿ ಅವರು ಮುಳುಗಿದ್ದು ಮಿಷನ್ನಿನ ಹಿರಿಯರಿಗೆ ಹಿಡಿಸಲಿಲ್ಲ. ಆದರೂ ಅವರು ಹಿಂಜರಿಯಲಿಲ್ಲ.

1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಇದರಿಂದ ಕನ್ನಡ ಕ್ರೈಸ್ತರು ದೇವವಾಣಿಯನ್ನು ತಮ್ಮದೇ ಧಾಟಿಯಲ್ಲಿ ಆಲಿಸುವಂತಾಯಿತು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. 1903ರಲ್ಲಿ ಅವರು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ನಿಧನರಾದರು. ಆಲಿಸುವುದಕ್ಕೆಂದು ಅವರು ವ್ಯಯಿಸಿದ ಸಮಯದ ಫಲವನ್ನು ಕನ್ನಡ ನಾಡು ಇಂದಿಗೂ ಉಣ್ಣುತ್ತಿದೆ.