ಇನ್ಸುಲಿನ್ ಹಕ್ಕನ್ನು 1 ಡಾಲರ್‌ಗೆ ಬಿಟ್ಟುಕೊಟ್ಟ ವೈದ್ಯ ಬ್ಯಾಂಟಿಂಗ್

ನವೆಂಬರ್ 14 ಎಂದರೆ ಭಾರತದಲ್ಲಿ ಮಕ್ಕಳ ದಿನಾಚರಣೆ. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು. ಅದಕ್ಕೆ ಕಾರಣ ಕೆನಡಾದ ವೈದ್ಯ ಫ್ರೆಡರಿಕ್ ಬ್ಯಾಂಟಿಂಗ್. 1891ರ ನವೆಂಬರ್ 14ರಂದು ಒಂಟಾರಿಯೊ ಪ್ರಾಂತ್ಯದ ಆಲಿಸ್ಟನ್ ಬಳಿಯ ರೈತ ಕುಟುಂಬದಲ್ಲಿ ಅವರು ಹುಟ್ಟಿದರು.

ಟೊರೊಂಟೊದಲ್ಲಿ ವೈದ್ಯಕೀಯ ಓದಿದ ಬ್ಯಾಂಟಿಂಗ್ ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ, ತೋಳಿಗೆ ಗಾಯ ಮಾಡಿಕೊಂಡು ಮರಳಿದರು. 1920ರಲ್ಲಿ ಕೆನಡಾದ ಲಂಡನ್ ನಗರದಲ್ಲಿ ಕ್ಲಿನಿಕ್ ತೆರೆದರು. ಆದರೆ ರೋಗಿಗಳೇ ಬರಲಿಲ್ಲ. ಮೊದಲ ತಿಂಗಳ ಗಳಿಕೆ ಕೇವಲ 4 ಡಾಲರ್. ಹೊಟ್ಟೆಪಾಡಿಗಾಗಿ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠವನ್ನೂ ಮಾಡತೊಡಗಿದರು.

ನಿದ್ದೆಗೆಡಿಸಿದ ಯೋಚನೆ

ಆ ವರ್ಷದ ಅಕ್ಟೋಬರ್ 30ರ ರಾತ್ರಿ ಅವರು ಪಾಠಕ್ಕಾಗಿ ಮೇದೋಜೀರಕ ಗ್ರಂಥಿಯ ಬಗ್ಗೆ ಓದುತ್ತಿದ್ದರು. ಈ ಗ್ರಂಥಿಗೆ ಎರಡು ಕೆಲಸ. ಒಂದು, ಆಹಾರ ಅರಗಿಸುವ ರಸವನ್ನು ಕರುಳಿಗೆ ಬಿಡುವುದು. ಇನ್ನೊಂದು, ರಕ್ತಕ್ಕೆ ಹಾರ್ಮೋನ್ ಸೇರಿಸುವುದು. ಈ ಎರಡನೆಯ ಕೆಲಸ ಗ್ರಂಥಿಯೊಳಗಿನ ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳೆಂಬ ಕೋಶಗಳ ಗುಂಪುಗಳದ್ದು. ಅಲ್ಲಿನ ಬೀಟಾ ಕೋಶಗಳು ಕೊಡುವ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಆಲ್ಫಾ ಕೋಶಗಳು ಕೊಡುವ ಗ್ಲುಕಗಾನ್ ಯಕೃತ್ತಿನ ದಾಸ್ತಾನನ್ನು ಕರಗಿಸಿ ಸಕ್ಕರೆಯನ್ನು ಏರಿಸುತ್ತದೆ. ಬೀಟಾ ಕೋಶಗಳು ನಾಶವಾದರೆ ಬರುವುದೇ ಟೈಪ್ 1 ಮಧುಮೇಹ.

ಗ್ರಂಥಿಯನ್ನು ತೆಗೆದರೆ ನಾಯಿಗೆ ಮಧುಮೇಹ ಬರುತ್ತದೆ ಎಂಬುದು 1889ರಲ್ಲೇ ತಿಳಿದಿತ್ತು. ಆದರೆ ಔಷಧವಾಗಬಲ್ಲ ಸಾರವನ್ನು ತೆಗೆಯಲು ಯಾರಿಗೂ ಆಗಿರಲಿಲ್ಲ. ಜೀರ್ಣರಸವೇ ಹಾರ್ಮೋನನ್ನು ಹಾಳುಮಾಡುತ್ತಿರಬಹುದು, ರಸನಾಳವನ್ನು ಕಟ್ಟಿದರೆ ರಸ ಕೊಡುವ ಭಾಗ ಬತ್ತಿ ದ್ವೀಪಗಳು ಉಳಿಯುತ್ತವೆ ಎಂದು ಬ್ಯಾಂಟಿಂಗ್‌ಗೆ ನಡುರಾತ್ರಿ ಹೊಳೆಯಿತು.

ಟೊರೊಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಮ್ಯಾಕ್ಲಿಯಾಡ್ ಪ್ರಯೋಗಾಲಯ, ನಾಯಿಗಳು ಮತ್ತು ಚಾರ್ಲ್ಸ್ ಬೆಸ್ಟ್ ಎಂಬ ಸಹಾಯಕನನ್ನು ಒದಗಿಸಿದರು. 1921ರ ಬೇಸಿಗೆಯಲ್ಲಿ ಮಧುಮೇಹದ ನಾಯಿಗಳ ಸಕ್ಕರೆ ಇಳಿಯಿತು. ನಾಳ ಕಟ್ಟುವ ಅಗತ್ಯವೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ದನದ ಗ್ರಂಥಿಯಿಂದ ಆಲ್ಕೋಹಾಲ್ ಬಳಸಿ ನೇರವಾಗಿಯೇ ಸಾರ ತೆಗೆಯಬಹುದಿತ್ತು.

ಬದುಕಿದ ಬಾಲಕ

1922ರ ಜನವರಿ 11ರಂದು ಟೊರೊಂಟೊ ಜನರಲ್ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಹುಡುಗ ಮೂಳೆಚಕ್ಕಳವಾಗಿದ್ದ. ಆಗ ಇಂಥ ಮಕ್ಕಳಿಗಿದ್ದ ಚಿಕಿತ್ಸೆ ಅರೆಹೊಟ್ಟೆ ಪಥ್ಯವೊಂದೇ. ಸಾರ ಶುದ್ಧವಾಗಿರದ ಕಾರಣ ಅಲರ್ಜಿಯಾಗಿ ಪ್ರಯತ್ನ ಸೋತಿತು. ಜೇಮ್ಸ್ ಕಾಲಿಪ್ ಹಗಲಿರುಳು ದುಡಿದು ಅದನ್ನು ಶುದ್ಧಗೊಳಿಸಿದರು. ಜನವರಿ 23ರಂದು ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು. ಲಿಯೊನಾರ್ಡ್ ಇನ್ನೂ 13 ವರ್ಷ ಬಾಳಿದ.

1923ರ ನೊಬೆಲ್ ಪ್ರಶಸ್ತಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್‌ಗೆ ಬಂತು. ಬೆಸ್ಟ್ ಹೆಸರಿಲ್ಲದ್ದಕ್ಕೆ ಸಿಟ್ಟಾದ ಬ್ಯಾಂಟಿಂಗ್ ತಮ್ಮ ಹಣದಲ್ಲಿ ಅರ್ಧವನ್ನು ಅವರಿಗೆ ಕೊಟ್ಟರು. ಮ್ಯಾಕ್ಲಿಯಾಡ್ ತಮ್ಮ ಪಾಲನ್ನು ಕಾಲಿಪ್ ಜೊತೆ ಹಂಚಿಕೊಂಡರು. ಅದಕ್ಕೂ ಮೊದಲೇ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಪೇಟೆಂಟ್ ಹಕ್ಕನ್ನು ತಲಾ 1 ಡಾಲರ್‌ಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ್ದರು. ಔಷಧ ಯಾರೊಬ್ಬರ ಸ್ವತ್ತೂ ಆಗಬಾರದು ಎಂಬುದು ಅವರ ಉದ್ದೇಶವಾಗಿತ್ತು.

1941ರ ಫೆಬ್ರವರಿಯಲ್ಲಿ, ಎರಡನೇ ಮಹಾಯುದ್ಧದ ನಡುವೆ ಇಂಗ್ಲೆಂಡಿಗೆ ಹೊರಟಿದ್ದ ಅವರ ವಿಮಾನ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಉರುಳಿತು. ಬ್ಯಾಂಟಿಂಗ್‌ಗೆ ಆಗ 49 ವರ್ಷ. ಇನ್ಸುಲಿನ್ ಮಧುಮೇಹವನ್ನು ವಾಸಿಮಾಡುವುದಿಲ್ಲ, ದಿನವೂ ಬೇಕು. ಆದರೆ ಅದು ಬಂದ ಮೇಲೆ ಟೈಪ್ 1 ಮಧುಮೇಹದ ಮಕ್ಕಳು ಬೆಳೆದು ದೊಡ್ಡವರಾಗತೊಡಗಿದರು.