ಅರಮನೆ ಸುಟ್ಟ ವರ್ಷವೇ ಆಸ್ಪತ್ರೆಗೆ ಅಡಿಗಲ್ಲು: ಮಹಾರಾಣಿ ವಾಣಿವಿಲಾಸರ ಬದುಕಿನಿಂದ ಕೊಡಗಿನ ಆಸ್ಪತ್ರೆಗಳು ಕಲಿಯಬಹುದಾದದ್ದು

ಯಾವುದೋ ಊರಿನ ಆಸ್ಪತ್ರೆಯಲ್ಲಿ ಬೆಂಕಿ ಬಿದ್ದ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರುತ್ತದೆ. ನೋಡಿ ಮರುಗುತ್ತೇವೆ, ಇನ್ನೊಬ್ಬರಿಗೆ ಕಳಿಸುತ್ತೇವೆ. ಜೊತೆಗೆ ಒಂದು ಸಮಾಧಾನವನ್ನೂ ಹೇಳಿಕೊಳ್ಳುತ್ತೇವೆ. ನಮ್ಮದು ಕೊಡಗು, ಅರ್ಧ ವರ್ಷ ಮಳೆ, ಆಸ್ಪತ್ರೆಯೂ ಕಾಂಕ್ರೀಟ್ ಕಟ್ಟಡ, ಗೋಡೆಯ ಮೇಲೆ ಕೆಂಪು ಸಿಲಿಂಡರ್ ಬೇರೆ ಇದೆ. ಇಲ್ಲಿ ಬೆಂಕಿಗೆ ಜಾಗವೆಲ್ಲಿ?

ಈ ಮೂರೂ ನಂಬಿಕೆಗಳು ಎಷ್ಟು ನಿಜ ಎಂದು ನೋಡಲು ನಾವು ಇವತ್ತು ಒಬ್ಬರ ಬದುಕಿನ ಕಥೆ ಹೇಳುತ್ತೇವೆ. ಹೆರಿಗೆಗೋ ದೊಡ್ಡ ಚಿಕಿತ್ಸೆಗೋ ಮಡಿಕೇರಿ, ವಿರಾಜಪೇಟೆಯಿಂದ ಮೈಸೂರಿಗೆ ಹೋದವರಿಗೆ ಚೆಲುವಾಂಬ ಆಸ್ಪತ್ರೆ, ಪಿ.ಕೆ. ಸ್ಯಾನಟೋರಿಯಂ ಗೊತ್ತು. ಬೆಂಗಳೂರಿಗೆ ಹೋದವರಿಗೆ ವಿಕ್ಟೋರಿಯಾ ಮತ್ತು ವಾಣಿವಿಲಾಸ ಆಸ್ಪತ್ರೆಗಳು ಗೊತ್ತು. ಈ ನಾಲ್ಕೂ ಆಸ್ಪತ್ರೆಗಳು ಒಂದೇ ಕುಟುಂಬದ ಕಥೆಗೆ ಸೇರುತ್ತವೆ. ಆ ಕುಟುಂಬದ ನಡುವೆ ನಿಂತವರು ಮಹಾರಾಣಿ ಕೆಂಪನಂಜಮ್ಮಣ್ಣಿ. ಜನ ಅವರನ್ನು ವಾಣಿವಿಲಾಸ ಸನ್ನಿಧಾನ ಎಂದು ಕರೆದರು. ತಮ್ಮ ಮನೆಯೇ ಬೆಂಕಿಗೆ ಹೋದದ್ದನ್ನು ಕಂಡವರು ಅವರು.

ಕಳಲೆಯ ಹುಡುಗಿ, ಮೈಸೂರಿನ ರಾಣಿ

ಕೆಂಪನಂಜಮ್ಮಣ್ಣಿ ಹುಟ್ಟಿದ್ದು 1866ರಲ್ಲಿ, ನಂಜನಗೂಡಿನ ಹತ್ತಿರದ ಕಳಲೆಯ ಅರಸು ಮನೆತನದಲ್ಲಿ. 1878ರಲ್ಲಿ, ಹನ್ನೆರಡನೇ ವಯಸ್ಸಿಗೆ, ಚಾಮರಾಜೇಂದ್ರ ಒಡೆಯರ್ ಜೊತೆ ಮದುವೆಯಾಯಿತು. ಅಂದಿನ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1881ರಲ್ಲಿ ಆಡಳಿತ ಒಡೆಯರ ಕೈಗೆ ಮರಳಿತು.

ಆಗ ಕೊಡಗು ಮೈಸೂರು ಸಂಸ್ಥಾನದ ಭಾಗವಾಗಿರಲಿಲ್ಲ. 1834ರಿಂದಲೇ ಅದು ಬ್ರಿಟಿಷರ ವಶದಲ್ಲಿತ್ತು. 1881ರ ನಂತರ ಮೈಸೂರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಕೂಡ ಆಗಿರುತ್ತಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

1894ರ ಡಿಸೆಂಬರ್‌ನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಗೆ ಹೋಗಿದ್ದರು. ಅಲ್ಲಿ ಗಂಟಲಮಾರಿ ತಗುಲಿ, ಡಿಸೆಂಬರ್ 28ರಂದು ತೀರಿಕೊಂಡರು. ಅವರಿಗೆ ಆಗ 31 ವರ್ಷ. ಇಂದು ಮಕ್ಕಳಿಗೆ ಲಸಿಕೆ ಹಾಕಿಸಿ ತಡೆಯುವ ಕಾಯಿಲೆಯೊಂದು ಒಂದು ಸಂಸ್ಥಾನದ ದೊರೆಯನ್ನು ಕೆಲವೇ ದಿನಗಳಲ್ಲಿ ಕೊಂದಿತು. ಹಿರಿಯ ಮಗ ಕೃಷ್ಣರಾಜನಿಗೆ ಇನ್ನೂ ಹತ್ತು ವರ್ಷ. 28ರ ವಯಸ್ಸಿನ ಮಹಾರಾಣಿ, ಮಗ ದೊಡ್ಡವನಾಗುವ ತನಕ ರೀಜೆಂಟ್ ಆಗಿ ರಾಜ್ಯದ ಹೊಣೆ ಹೊತ್ತರು. ದಿವಾನರಾಗಿ ಕೆ. ಶೇಷಾದ್ರಿ ಅಯ್ಯರ್ ಜೊತೆಗಿದ್ದರು.

1897: ಮದುವೆ ಮನೆಯಲ್ಲಿ ಬೆಂಕಿ

1897ರ ಫೆಬ್ರವರಿ. ಹಿರಿಯ ಮಗಳು ಜಯಲಕ್ಷಮ್ಮಣ್ಣಿಯ ಮದುವೆಯ ಸಂಭ್ರಮ. ಆ ಹೊತ್ತಿನಲ್ಲೇ ಮೈಸೂರಿನ ಹಳೆಯ ಅರಮನೆಗೆ ಬೆಂಕಿ ಬಿತ್ತು. ಟಿಪ್ಪು ಸುಲ್ತಾನರ ಪತನದ ನಂತರ, 1803ರ ಹೊತ್ತಿಗೆ ಕಟ್ಟಿದ ಅರಮನೆ ಅದು. ಅದರಲ್ಲಿ ಮರದ ಕೆಲಸವೇ ಹೆಚ್ಚು. ಕಟ್ಟಡದ ಬಹುಭಾಗ ಸುಟ್ಟುಹೋಯಿತು.

ಈ ಬೆಂಕಿ 1896ರ ದಸರಾ ದಿನಗಳಲ್ಲಿ ಬಿತ್ತು ಎಂದು ಬರೆದದ್ದನ್ನೂ ನೀವು ಓದಿರಬಹುದು. ಅದು ಸರಿಯಲ್ಲ. ಬೆಂಕಿ ಬಿದ್ದದ್ದು ದಸರೆಯಲ್ಲಲ್ಲ, ರಾಜಕುಮಾರಿಯ ಮದುವೆಯ ಸಮಯದಲ್ಲಿ. ಮೈಸೂರು ಅರಸರ ವಿಷಯ ಬಂದರೆ ತಲಕಾಡಿನ ಶಾಪದ ಮಾತೂ ಬರುತ್ತದೆ. ಆದರೆ ಈ ಬೆಂಕಿಗೆ ಶಾಪವೇನೂ ಬೇಕಿರಲಿಲ್ಲ. ಬೆಂಕಿಗೆ ಬೇಕಾದದ್ದು ಮೂರೇ: ಉರಿಯುವ ವಸ್ತು, ಆಮ್ಲಜನಕ ಮತ್ತು ಶಾಖ. ಮಳೆಯಿಲ್ಲದ ತಿಂಗಳಲ್ಲಿ ಒಣಗಿ ನಿಂತ ಮರದ ಅರಮನೆಯಲ್ಲಿ ಮೊದಲಿನ ಎರಡು ಸಿದ್ಧವಾಗಿಯೇ ಇದ್ದವು.

ರಾಜ ಕುಟುಂಬ ಜಗನ್ಮೋಹನ ಅರಮನೆಗೆ ವಾಸ ಬದಲಿಸಿತು. ಮಹಾರಾಣಿ ಹೊಸ ಅರಮನೆಯ ಕೆಲಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ವಹಿಸಿದರು. ಅದೇ ವರ್ಷ ಕೆಲಸ ಶುರುವಾಗಿ 1912ರಲ್ಲಿ ಮುಗಿಯಿತು. ಖರ್ಚು 41 ಲಕ್ಷ ರೂಪಾಯಿಗೂ ಹೆಚ್ಚು. ಹಳೆಯ ಅರಮನೆಯ ವಿನ್ಯಾಸದ ನೆನಪು ಉಳಿಯಿತು, ಸಾಮಗ್ರಿ ಬದಲಾಯಿತು. ಮರದ ಜಾಗದಲ್ಲಿ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣ ಬಂದವು. ಇಂದು ಕಲ್ಯಾಣ ಮಂಟಪದಲ್ಲಿ ನಿಂತು ನಾವು ಮೆಚ್ಚುವ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ತಯಾರಾದವು. ಅವು ಚಂದಕ್ಕಷ್ಟೇ ಅಲ್ಲ, ಇನ್ನೊಮ್ಮೆ ಸುಲಭಕ್ಕೆ ಸುಡದ ಮನೆ ಬೇಕು ಎಂಬ ಯೋಚನೆಗೂ ಗುರುತು.

ನಾಲ್ಕೇ ತಿಂಗಳಲ್ಲಿ ಆಸ್ಪತ್ರೆಗೆ ಅಡಿಗಲ್ಲು

ಅರಮನೆ ಸುಟ್ಟ ನಾಲ್ಕು ತಿಂಗಳಿಗೆ, 1897ರ ಜೂನ್ 22ರಂದು, ಮಹಾರಾಣಿ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ತಮ್ಮದೇ ಹಳೆಯ ಅರಮನೆ ಸುಟ್ಟುಹೋಗಿದ್ದ ಕಾಲ ಅದು. ಮರುವರ್ಷ ಬೆಂಗಳೂರಿಗೆ ಪ್ಲೇಗ್ ಬಂತು. ಊರಿನ ಇಕ್ಕಟ್ಟಾದ ಬೀದಿಗಳಲ್ಲಿ ಜನ ಸತ್ತರು, ಮನೆ ಬಿಟ್ಟು ಓಡಿದರು. ಗಾಳಿ ಬೆಳಕು ಇರುವ ಹೊಸ ಬಡಾವಣೆಗಳಾಗಿ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ವರ್ಷಗಳಲ್ಲೇ. 1900ರ ಡಿಸೆಂಬರ್‌ನಲ್ಲಿ ವೈಸರಾಯ್ ಕರ್ಜನ್ ವಿಕ್ಟೋರಿಯಾ ಆಸ್ಪತ್ರೆಯನ್ನು ಉದ್ಘಾಟಿಸಿದರು.

ಅವರ ಕಾಲದ ಇನ್ನೆರಡು ಕೆಲಸಗಳನ್ನು ಹೇಳಬೇಕು. ಒಂದು, ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟು. ಅದಕ್ಕೆ ಇಂದಿಗೂ ವಾಣಿವಿಲಾಸ ಸಾಗರ ಎಂದೇ ಹೆಸರು. ಇನ್ನೊಂದು, ಶಿವನಸಮುದ್ರದ ಜಲವಿದ್ಯುತ್. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು, 1905ರಲ್ಲಿ ಬೆಂಗಳೂರಿನ ದೀಪಗಳು ಉರಿದವು.

ಆ ಕರೆಂಟು ಇಲ್ಲದೆ ಇಂದಿನ ಆಸ್ಪತ್ರೆ ಇಲ್ಲ. ಆದರೆ ಆಸ್ಪತ್ರೆಗಳಲ್ಲಿ ಬೆಂಕಿಗೆ ಮುಖ್ಯ ಕಾರಣವೂ ಇಂದು ವಿದ್ಯುತ್ ದೋಷವೇ. ಮೊದಲ ನಂಬಿಕೆಗೆ ಉತ್ತರ ಇಲ್ಲಿದೆ. ಮಳೆ ಈ ಬೆಂಕಿಯನ್ನು ತಡೆಯುವುದಿಲ್ಲ. ಮಡಿಕೇರಿಯ ತೇವ ಸ್ವಿಚ್ ಬೋರ್ಡಿನ ಒಳಗೂ ಸೇರುತ್ತದೆ, ತಂತಿಯ ಜೋಡಣೆಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಜೋಡಣೆ ಬಿಸಿಯಾಗುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಜನರೇಟರ್, ಯುಪಿಎಸ್, ಎಸಿಗಳ ಮೇಲೆ ಹೊರೆ ಬೀಳುತ್ತದೆ. ಮಳೆಗಾಲ ಆಸ್ಪತ್ರೆಯ ವಿದ್ಯುತ್ ವ್ಯವಸ್ಥೆಗೆ ಕಷ್ಟದ ಕಾಲ.

ಕಾಂಕ್ರೀಟ್ ಸುಡದು, ಹೊಗೆ ಬಿಡದು

1902ರ ಆಗಸ್ಟ್‌ನಲ್ಲಿ ಕೃಷ್ಣರಾಜ ಒಡೆಯರ್‌ಗೆ ಅಧಿಕಾರ ವಹಿಸಿ ಮಹಾರಾಣಿ ಹಿಂದೆ ಸರಿದರು. ಅವರ ಮುಂದಿನ ವರ್ಷಗಳು ಸುಲಭದವಲ್ಲ. ಎರಡನೇ ಮಗಳು ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ತುತ್ತಾದರು. ಆ ಮಗಳ ಹೆಸರಿನಲ್ಲಿ ಎದ್ದದ್ದೇ ಮೈಸೂರಿನ ಕ್ಷಯರೋಗ ಆಸ್ಪತ್ರೆ, ನಾವು ಪಿ.ಕೆ. ಸ್ಯಾನಟೋರಿಯಂ ಎನ್ನುವುದು. ಕಿರಿಯ ಮಗಳು ಚೆಲುವಾಜಮ್ಮಣ್ಣಿಯ ಹೆಸರು ಚೆಲುವಾಂಬ ಆಸ್ಪತ್ರೆಗೆ ಬಂತು. ಮಹಾರಾಣಿ 1934ರಲ್ಲಿ ತೀರಿಕೊಂಡರು. ಮರುವರ್ಷ, 1935ರಲ್ಲಿ, ವಿಕ್ಟೋರಿಯಾ ಪಕ್ಕದಲ್ಲೇ ಹೆಂಗಸರು ಮಕ್ಕಳಿಗಾಗಿ ವಾಣಿವಿಲಾಸ ಆಸ್ಪತ್ರೆ ತೆರೆಯಿತು.

ಆಸ್ಪತ್ರೆಯ ಅಗ್ನಿ ಸುರಕ್ಷತೆಯ ನಿಯಮಗಳನ್ನು ಬರೆದವರು ಅವರಲ್ಲ. ಆ ಕಾಲದಲ್ಲಿ ಹೊಗೆ ಪತ್ತೆ ಮಾಡುವ ಯಂತ್ರಗಳೂ ಇರಲಿಲ್ಲ. ಆದರೆ ಅವರ ಬದುಕಿನಲ್ಲಿ ಒಂದು ಪಾಠ ಸ್ಪಷ್ಟವಾಗಿದೆ: ಬೆಂಕಿಯ ಯೋಚನೆಯನ್ನು ಕಟ್ಟುವಾಗಲೇ ಮಾಡಬೇಕು. ಅದಕ್ಕೆ ಇಂದು ನಾವು ಸೇರಿಸಬೇಕಾದ ಇನ್ನೊಂದು ಪಾಠವಿದೆ: ಕಟ್ಟಿದ ಮೇಲೆ ದಿನವೂ ನೋಡಿಕೊಳ್ಳಬೇಕು.

ಯಾಕೆಂದರೆ ಎರಡನೇ ನಂಬಿಕೆಯೂ ಪೂರ್ತಿ ನಿಜವಲ್ಲ. ಕಾಂಕ್ರೀಟ್ ಉರಿಯುವುದಿಲ್ಲ, ಸರಿ. ಒಳಗಿರುವ ಹಾಸಿಗೆ, ಪರದೆ, ಪ್ಲಾಸ್ಟಿಕ್, ಸ್ಪಿರಿಟ್ ಉರಿಯುತ್ತವೆ. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿತು. ಮೇಲಿನ ಮಹಡಿಗಳಲ್ಲಿ ಮಲಗಿದ್ದ ರೋಗಿಗಳೂ ಸೇರಿ ಸುಮಾರು 90 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಉರಿಯಲ್ಲ, ಹೊಗೆ. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯಲ್ಲಿ, ನವಜಾತ ಶಿಶುಗಳ ಘಟಕದ ಬೆಂಕಿಯಲ್ಲಿ 10 ಕೂಸುಗಳು ಹೋದವು. ಅಂಥ ಘಟಕಗಳಲ್ಲೂ ಐಸಿಯುಗಳಲ್ಲೂ ಅಪಾಯ ಇನ್ನೂ ಹೆಚ್ಚು. ಗಾಳಿಯಲ್ಲಿ ಆಮ್ಲಜನಕ ಸುಮಾರು 21%. ಅದಕ್ಕಿಂತ ಸ್ವಲ್ಪ ಏರಿದರೂ ಬಟ್ಟೆ, ಹಾಸಿಗೆಗಳು ಬೇಗ ಹತ್ತಿಕೊಂಡು ಜೋರಾಗಿ ಉರಿಯುತ್ತವೆ. ಅರಮನೆಯ ಜನ ಓಡಬಲ್ಲವರಾಗಿದ್ದರು. ಕೂಸು ಓಡುವುದಿಲ್ಲ, ವೆಂಟಿಲೇಟರ್ ಮೇಲಿರುವವರೂ ಓಡುವುದಿಲ್ಲ.

ಹಾಗಾಗಿ ಆಸ್ಪತ್ರೆಯಲ್ಲಿ ಎಲ್ಲರನ್ನೂ ಒಮ್ಮೆಲೆ ಮೆಟ್ಟಿಲಿಳಿಸಿ ಹೊರಗೆ ತರುವ ಲೆಕ್ಕ ನಡೆಯದು. ಮೊದಲು ಅದೇ ಮಹಡಿಯಲ್ಲಿ, ಬೆಂಕಿ ತಡೆಯುವ ಬಾಗಿಲಿನ ಆಚೆಗಿನ ಭಾಗಕ್ಕೆ ಮಂಚ ಸಮೇತ ತಳ್ಳಿಕೊಂಡು ಹೋಗುತ್ತಾರೆ. ಆ ಬಾಗಿಲು ಮುಚ್ಚಿದರೆ ಸಮಯ ಸಿಗುತ್ತದೆ. ಗಾಳಿಗಾಗಿ ಅದಕ್ಕೆ ಕುರ್ಚಿ ಒತ್ತಿಟ್ಟು ತೆರೆದೇ ಇಟ್ಟಿದ್ದರೆ ಹೊಗೆ ಆಚೆಗೂ ಬರುತ್ತದೆ.

ಕೆಂಪು ಸಿಲಿಂಡರ್ ಇದೆ, ಕೆಲಸ ಮಾಡುತ್ತದೆಯೇ?

ಮೂರನೇ ನಂಬಿಕೆ ಇದು. ಸಿಲಿಂಡರ್ ಗೋಡೆಯ ಮೇಲೆ ಇದ್ದ ಮಾತ್ರಕ್ಕೆ ಬೆಂಕಿ ಆರುವುದಿಲ್ಲ. ಪುಡಿ ತುಂಬಿದ ಸಿಲಿಂಡರ್‌ನಲ್ಲಿ ಮೀಟರಿನ ಮುಳ್ಳು ಹಸಿರು ಭಾಗದಲ್ಲಿರಬೇಕು, ಆದರೆ ಅಷ್ಟೇ ಸಾಲದು. ತೇವ ಸೇರಿದರೆ ಪುಡಿ ಗಟ್ಟಿಯಾಗುತ್ತದೆ, ಮುಳ್ಳು ಹಸಿರಿನಲ್ಲಿದ್ದರೂ ಪುಡಿ ಹೊರಬರದು. ಇಂಗಾಲದ ಡೈಆಕ್ಸೈಡ್ ಸಿಲಿಂಡರ್‌ಗೆ ಮೀಟರೇ ಇರುವುದಿಲ್ಲ. ಅದನ್ನು ತೂಕ ಹಾಕಿಯೇ ನೋಡಬೇಕು.

ಉಳಿದವುಗಳದ್ದೂ ಹೀಗೇ. ಹೊಗೆ ಪತ್ತೆ ಮಾಡುವ ಯಂತ್ರದೊಳಗೆ ದೂಳು, ಹುಳು, ಮಂಜಿನ ತೇವ ಸೇರಿದರೆ ಸುಮ್ಮಸುಮ್ಮನೆ ಕೂಗುತ್ತದೆ. ಬೇಸತ್ತ ಸಿಬ್ಬಂದಿ ಅಲಾರಂ ಬಂದ್ ಮಾಡಿಡುತ್ತಾರೆ. ಆಮೇಲೆ ನಿಜವಾದ ಬೆಂಕಿಗೂ ಅದು ಕೂಗುವುದಿಲ್ಲ. ಬಂದ್ ಮಾಡುವ ಬದಲು ಸ್ವಚ್ಛ ಮಾಡಬೇಕು, ಕೆಟ್ಟದ್ದನ್ನು ಬದಲಿಸಬೇಕು. ಬೆಂಕಿಗೆಂದು ಮೀಸಲಿಟ್ಟ ತೊಟ್ಟಿಯ ನೀರನ್ನು ಬೇರೆ ಬಳಕೆಗೆ ಖಾಲಿ ಮಾಡಬಾರದು. ಪಂಪನ್ನು ಆಗಾಗ ಓಡಿಸಿ ನೋಡಬೇಕು. ಕರೆಂಟು ಹೋದಾಗಲೂ ಅದು ಓಡುತ್ತದೆಯೇ ಎಂದು ಪರೀಕ್ಷಿಸಬೇಕು. ವಾರ್ಡಿನ ಆಮ್ಲಜನಕದ ವಾಲ್ವ್ ಎಲ್ಲಿದೆ, ಅದನ್ನು ಮುಚ್ಚುವವರು ಯಾರು ಎಂಬುದು ರಾತ್ರಿ ಪಾಳಿಯವರಿಗೂ ತಿಳಿದಿರಬೇಕು.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದು ನಮಗೆಲ್ಲ ನೆನಪಿದೆ. ಅಂಥ ದಿನ ಅಗ್ನಿಶಾಮಕ ವಾಹನ ಏರು ತಿರುವುಗಳ ಹಾದಿಯಲ್ಲಿ ಬೇಗ ತಲುಪುತ್ತದೆಂದು ನೆಚ್ಚಿ ಕೂರುವಂತಿಲ್ಲ. ಮೊದಲ ಕೆಲವು ನಿಮಿಷ ಆಸ್ಪತ್ರೆಯೇ ತನ್ನನ್ನು ನೋಡಿಕೊಳ್ಳಬೇಕು. ಕೆಲಸ ಮಾಡುವ ಅಲಾರಂ, ಮುಚ್ಚುವ ಬಾಗಿಲು, ಅಭ್ಯಾಸವಿರುವ ಸಿಬ್ಬಂದಿ ಇದ್ದರೆ ಆ ನಿಮಿಷಗಳಲ್ಲಿ ಜೀವ ಉಳಿಯುತ್ತದೆ.

ನೀವು ಏನು ಮಾಡಬಹುದು?

ಮುಂದಿನ ಸಲ ರೋಗಿಯ ಜೊತೆ ಆಸ್ಪತ್ರೆಯಲ್ಲಿ ಉಳಿದಾಗ ಐದು ನಿಮಿಷ ಕೊಡಿ.

- ಹೊರಹೋಗುವ ಎರಡು ದಾರಿ ನೋಡಿಟ್ಟುಕೊಳ್ಳಿ. ಬೆಂಕಿಯ ಹೊತ್ತಿನಲ್ಲಿ ಲಿಫ್ಟ್ ದಾರಿಯಲ್ಲ.
- ಆ ದಾರಿಗೆ ಬೀಗ, ಹಳೆಯ ಮಂಚ, ಪೆಟ್ಟಿಗೆ ಅಡ್ಡವಿದ್ದರೆ ಸಿಬ್ಬಂದಿಗೆ ತಿಳಿಸಿ.
- ಸಿಲಿಂಡರ್‌ನ ಮೇಲಿನ ಚೀಟಿಯಲ್ಲಿ ಕೊನೆಯ ತಪಾಸಣೆಯ ದಿನಾಂಕ ಓದಿ. ಹಳತಾಗಿದ್ದರೆ ಕೇಳಿ.
- ಮೊಬೈಲ್ ಚಾರ್ಜರ್, ಕೆಟಲ್, ಹೀಟರ್‌ಗಳನ್ನು ಒಂದೇ ಪ್ಲಗ್ಗಿಗೆ ಸಿಕ್ಕಿಸಬೇಡಿ. ಆಮ್ಲಜನಕ ಇರುವಲ್ಲಿ ಬೆಂಕಿಕಡ್ಡಿ, ಊದುಬತ್ತಿ, ಬೀಡಿ ಬೇಡವೇ ಬೇಡ.
- ಕರೆಂಟಿನ ಬೆಂಕಿಗೆ ನೀರು ಹಾಕಬೇಡಿ.
- ಹೊಗೆ ಕಂಡರೆ ವಿಡಿಯೊ ಮಾಡುವ ಮೊದಲು ಕೂಗಿ ಹೇಳಿ, 101 ಅಥವಾ 112ಕ್ಕೆ ಕರೆ ಮಾಡಿ.

ಮಹಾರಾಣಿ ಕಟ್ಟಿಸಿದ ಅರಮನೆಯನ್ನು ನೋಡಲು ನಾವು ಇಂದಿಗೂ ಸಾಲಿನಲ್ಲಿ ನಿಲ್ಲುತ್ತೇವೆ. ಅವರು ಅಡಿಗಲ್ಲು ಹಾಕಿದ ಆಸ್ಪತ್ರೆಯಲ್ಲಿ ಇಂದಿಗೂ ರೋಗಿಗಳು ಮಲಗಿದ್ದಾರೆ. ಮುಂದಿನ ಸಲ ಆಸ್ಪತ್ರೆ ಬೆಂಕಿಯ ವಿಡಿಯೊ ನಿಮ್ಮ ಗುಂಪಿಗೆ ಬಂದರೆ, ಅದರ ಜೊತೆ ಈ ಪಟ್ಟಿಯನ್ನೂ ಕಳಿಸಿ.