ಒಂದು ಡಾಲರಿಗೆ ಮಾರಿದ ಸಂಜೀವಿನಿ: ಡಾ. ಫ್ರೆಡರಿಕ್ ಬ್ಯಾಂಟಿಂಗರ ಜೀವನ

ಹೋಟೆಲಿನ ಗಲ್ಲೆಯ ಮೇಲೆ ಹಲವು ವರ್ಷ ಕುಳಿತವನಿಗೆ ಗಿರಾಕಿಗಳ ಆರೋಗ್ಯದ ಸಂಗತಿ ಅವರು ಕುಡಿಯುವ ಕಾಫಿಯಿಂದಲೇ ತಿಳಿದುಬಿಡುತ್ತದೆ. ನಿನ್ನೆಯವರೆಗೆ ಎರಡು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಿದ್ದವರು ಇಂದು ಮಾಣಿಯನ್ನು ಹತ್ತಿರ ಕರೆದು ಸಕ್ಕರೆಯಿಲ್ಲದ ಕಾಫಿಯನ್ನು ಮೆಲುದನಿಯಲ್ಲಿ ಕೇಳಿದರೆಂದರೆ, ಡಾಕ್ಟರರು ಏನು ಹೇಳಿದರೆಂದು ಯಾರೂ ವಿಚಾರಿಸಬೇಕಾದುದಿಲ್ಲ. ನಮ್ಮ ದೇಶದಲ್ಲಿ ಸಿಹಿಮೂತ್ರ ರೋಗಿಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ತಿಳಿಸಿತು. ಅವರಲ್ಲಿ ಬಹುಮಂದಿ ಮಾತ್ರೆ, ಪಥ್ಯಗಳಲ್ಲಿ ದಿನ ಕಳೆಯುವರು. ಕೆಲವರಿಗಾದರೋ ಪ್ರತಿದಿನವೂ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳದೆ ಜೀವ ನಿಲ್ಲದು. ಆ ಸೂಜಿಮದ್ದನ್ನು ಲೋಕಕ್ಕೆ ಕೊಟ್ಟವರಲ್ಲಿ ಅಗ್ರಗಣ್ಯರಾದ ಕೆನಡಾ ದೇಶದ ಡಾ. ಫ್ರೆಡರಿಕ್ ಬ್ಯಾಂಟಿಂಗರ ಚರಿತ್ರೆಯನ್ನು ಇಂದು ವಾಚಕರ ಮುಂದೆ ಇಡುತ್ತಿದ್ದೇವೆ. ಮದ್ದು ದೊರೆತ ಕಥೆಯನ್ನು ಅನೇಕರು ಕೇಳಿರಬಹುದು. ಆ ಮದ್ದಿನ ಪೇಟೆಂಟಿನ ಸುತ್ತ ನಡೆದ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಬ್ಯಾಂಟಿಂಗರು 1891ನೆಯ ಇಸವಿ ನವೆಂಬರ್ 14ರಂದು ಒಂಟಾರಿಯೋ ಪ್ರಾಂತದ ಅಲಿಸ್ಟನ್ ಎಂಬ ಊರಿನ ಬಳಿಯ ಒಂದು ಬೇಸಾಯಗಾರ ಕುಟುಂಬದಲ್ಲಿ, ಐವರು ಮಕ್ಕಳಲ್ಲಿ ಕಿರಿಯವರಾಗಿ ಹುಟ್ಟಿದರು. ಓದಿನಲ್ಲಿ ಅಂಥ ಹೆಸರು ಪಡೆದವರಲ್ಲ. ಟೊರಾಂಟೋದ ಕಾಲೇಜಿನಲ್ಲಿ ಮೊದಲನೆಯ ವರ್ಷವೇ ನಪಾಸಾದರು. 1912ರಲ್ಲಿ ಹೇಗೋ ವೈದ್ಯಶಾಸ್ತ್ರದ ತರಗತಿಯನ್ನು ಸೇರಿಕೊಂಡರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ಸೈನ್ಯಕ್ಕೆ ವೈದ್ಯರು ಬೇಕಾಗಿದ್ದುದರಿಂದ ಪಾಠಗಳನ್ನು ಅವಸರದಲ್ಲಿ ಮುಗಿಸಿ 1916ರ ಕೊನೆಯಲ್ಲಿ ಪದವಿ ಕೊಟ್ಟರು. 1918ರಲ್ಲಿ ಕಾಂಬ್ರೇ ಎಂಬಲ್ಲಿ ನಡೆದ ಕಾಳಗದಲ್ಲಿ ಬ್ಯಾಂಟಿಂಗರ ತೋಳಿಗೆ ಸಿಡಿಗುಂಡಿನ ಚೂರು ತಗಲಿತು. ಆದರೂ ಅವರು ಇತರ ಗಾಯಾಳುಗಳ ಶುಶ್ರೂಷೆಯನ್ನು ನಿಲ್ಲಿಸಲಿಲ್ಲ. ಅದಕ್ಕಾಗಿ ಅವರಿಗೆ ಮಿಲಿಟರಿ ಕ್ರಾಸ್ ಪದಕ ದೊರೆಯಿತು.

ಯುದ್ಧ ಮುಗಿಸಿ ಬಂದವರ ಮುಂದಿನ ಗತಿ ಹೊರನಾಡಿಗೆ ಬಂದು ಅಂಗಡಿ ತೆರೆದ ನಮ್ಮವರ ಗತಿಯಂತೆಯೇ ಇದ್ದಿತು. 1920ರ ಜುಲೈಯಲ್ಲಿ ಒಂಟಾರಿಯೋದ ಲಂಡನ್ ಎಂಬ ಪಟ್ಟಣದಲ್ಲಿ ಮನೆಯೊಂದನ್ನು ಸಾಲಮಾಡಿ ಕೊಂಡು, ಬಾಗಿಲಿಗೆ ಹೆಸರಿನ ಫಲಕ ಹಾಕಿ ಕುಳಿತರು. ವಾರಗಳು ಕಳೆದರೂ ರೋಗಿಗಳು ಬರಲಿಲ್ಲ. ಮೊದಲನೆಯ ತಿಂಗಳ ಸಂಪಾದನೆ ನಾಲ್ಕೇ ಡಾಲರು! ಹೊಸ ಹೋಟೆಲು ತೆರೆದು, ಒಲೆಯ ಮೇಲೆ ಹಾಲು ಕಾಯುತ್ತಿರುವಾಗ ಬಾಗಿಲ ಕಡೆಗೇ ನೋಡುತ್ತ ಕುಳಿತವರಿಗೆ ಆ ತಿಂಗಳು ಎಷ್ಟು ಉದ್ದವಾಗಿದ್ದೀತೆಂಬುದನ್ನು ಹೇಳಬೇಕಾಗಿಲ್ಲ. ಹೊಟ್ಟೆಪಾಡಿಗೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅರೆವೇಳೆಯ ಪಾಠದ ಕೆಲಸ ಹಿಡಿದರು. ಒಂದು ಪಾಠಕ್ಕೆ ಸಿದ್ಧತೆ ಮಾಡುತ್ತ 1920ರ ಅಕ್ಟೋಬರ್ ಕೊನೆಯ ಒಂದು ರಾತ್ರಿ ವೈದ್ಯಕೀಯ ಪತ್ರಿಕೆಯ ಲೇಖನವೊಂದನ್ನು ಓದಿ ಮಲಗಿದವರಿಗೆ ನಿದ್ರೆ ಹತ್ತಲಿಲ್ಲ. ನಡುರಾತ್ರಿ ಎದ್ದು ಒಂದು ಹೊಸ ವಿಚಾರವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟರು. ಆ ಟಿಪ್ಪಣಿಯಲ್ಲಿ ರೋಗದ ಹೆಸರಿನ ಕಾಗುಣಿತವೂ ತಪ್ಪಾಗಿದೆ.

ಆ ವಿಚಾರವೇನು? ನಮ್ಮ ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯನ್ನು ನಾಯಿಯ ದೇಹದಿಂದ ತೆಗೆದುಹಾಕಿದರೆ ನಾಯಿಗೆ ಸಿಹಿಮೂತ್ರ ಬರುವುದೆಂಬುದು 1889ರಿಂದಲೇ ತಿಳಿದಿತ್ತು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಯಾವುದೋ ಸತ್ವ ಆ ಗ್ರಂಥಿಯೊಳಗಿನ ದ್ವೀಪಗಳಂಥ ಸಣ್ಣ ಕಣಗುಂಪುಗಳಲ್ಲಿದೆ ಎಂದು ಪಂಡಿತರು ಊಹಿಸಿದ್ದರು. ಆದರೆ ಗ್ರಂಥಿಯನ್ನು ಅರೆದು ಸಾರ ತೆಗೆದಾಗಲೆಲ್ಲ ಅದರ ಜೀರ್ಣರಸವೇ ಆ ಸತ್ವವನ್ನು ತಿಂದುಹಾಕುವುದೆಂದು ಬ್ಯಾಂಟಿಂಗರು ಎಣಿಸಿದರು. ಗ್ರಂಥಿಯ ನಾಳವನ್ನು ಮೊದಲೇ ಕಟ್ಟಿ, ಜೀರ್ಣರಸದ ಭಾಗ ಒಣಗಿಹೋಗುವವರೆಗೆ ಕಾದು, ಉಳಿದುದರಿಂದ ಸಾರ ತೆಗೆಯಬೇಕೆಂಬುದು ಅವರ ಯೋಚನೆ. ಹಾಗೆ ಕಟ್ಟುವ ಅಗತ್ಯವೇ ಇರಲಿಲ್ಲವೆಂಬುದು ಮುಂದೆ ಅವರಿಗೇ ತಿಳಿಯಿತು. ತಪ್ಪು ದಾರಿಯಲ್ಲಿ ಹೊರಟು ಸರಿಯಾದ ಊರನ್ನು ಸೇರಿದವರು ಅವರು.

ಟೊರಾಂಟೋ ವಿಶ್ವವಿದ್ಯಾಲಯದ ಪ್ರೊಫೆಸರ್ ಮ್ಯಾಕ್ಲೌಡರು ಈ ಅಪರಿಚಿತ ವೈದ್ಯನ ಮಾತನ್ನು ಸಂಶಯದಿಂದಲೇ ಕೇಳಿದರು. ಆದರೂ ಒಂದು ಪ್ರಯೋಗಶಾಲೆಯನ್ನೂ ಹತ್ತು ನಾಯಿಗಳನ್ನೂ ಒಬ್ಬ ಸಹಾಯಕನನ್ನೂ ಕೊಟ್ಟರು. ಸಹಾಯಕನಾಗಬಲ್ಲ ವಿದ್ಯಾರ್ಥಿಗಳು ಇಬ್ಬರಿದ್ದರು. ನಾಣ್ಯ ಚಿಮ್ಮಿ ನೋಡಿದಾಗ ಮೊದಲ ಸರದಿ ಇಪ್ಪತ್ತೆರಡು ವರ್ಷದ ಚಾರ್ಲ್ಸ್ ಬೆಸ್ಟ್ ಎಂಬವರಿಗೆ ಬಂದಿತು. 1921ರ ಮೇ 17ರಂದು ಕೆಲಸ ಆರಂಭವಾಯಿತು. ಆ ಬೇಸಿಗೆಯಲ್ಲಿ ಬ್ಯಾಂಟಿಂಗರಿಗೆ ಸಂಬಳವಿಲ್ಲ. ತಮ್ಮ ಮೋಟಾರು ಗಾಡಿಯನ್ನು ಮಾರಿ ದಿನ ತಳ್ಳಿದರು. ನಾಯಿಗಳು ಒಂದರ ಮೇಲೊಂದು ಸತ್ತವು. ಜುಲೈ ಕೊನೆಯಲ್ಲಿ ಒಂದು ನಾಯಿಯ ರಕ್ತದ ಸಕ್ಕರೆ ಅವರ ಸಾರದಿಂದ ಇಳಿಯಿತು. ವರ್ಷದ ಕೊನೆಗೆ ಕಸಾಯಿಖಾನೆಯ ದನಗಳ ಗ್ರಂಥಿಯಿಂದಲೇ, ಆಲ್ಕೊಹಾಲಿನ ಸಹಾಯದಿಂದ, ಸಾರ ತೆಗೆಯಬಹುದೆಂದು ಕಂಡುಕೊಂಡರು. ಅದನ್ನು ಶುದ್ಧಿಗೊಳಿಸಲು ರಸಾಯನ ತಜ್ಞರಾದ ಜೇಮ್ಸ್ ಕಾಲಿಪ್ ಬಂದು ಸೇರಿದರು.

1922ರ ಜನವರಿ 11ರಂದು ಟೊರಾಂಟೋದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಮೊದಲ ಸೂಜಿ ಹಾಕಿದರು. ಬಾಲಕನ ತೂಕ 65 ಪೌಂಡು ಮಾತ್ರ. ಆ ಕಾಲದಲ್ಲಿ ಈ ರೋಗ ತಗಲಿದ ಮಕ್ಕಳಿಗೆ ಇದ್ದ ಒಂದೇ ಚಿಕಿತ್ಸೆಯೆಂದರೆ ಉಪವಾಸ. ಉಪವಾಸದಿಂದ ಸಾವು ಕೆಲವು ತಿಂಗಳು ಮುಂದಕ್ಕೆ ಹೋಗುತ್ತಿತ್ತು, ಅಷ್ಟೆ. ಮಗುವಿಗೆ ಅನ್ನವಿಕ್ಕದಿರುವುದೇ ತಾಯಿ ಮಾಡಬಹುದಾದ ಉಪಕಾರವೆನಿಸಿದ್ದ ಕಾಲವದು. ಮೊದಲ ಸೂಜಿಯಿಂದ ಚುಚ್ಚಿದ ಜಾಗದಲ್ಲಿ ಬಾವು ಬಂದುದಲ್ಲದೆ ಹೆಚ್ಚಿನ ಫಲ ಕಾಣಲಿಲ್ಲ. ಕಾಲಿಪರು ಹಗಲಿರುಳು ದುಡಿದು ಶುದ್ಧಿಗೊಳಿಸಿದ ಸಾರವನ್ನು ಜನವರಿ 23ರಂದು ಕೊಟ್ಟಾಗ, ರಕ್ತದ ಸಕ್ಕರೆ 520ರಿಂದ 120ಕ್ಕೆ ಇಳಿಯಿತು. ಹುಡುಗನು ಎದ್ದು ಕುಳಿತನು. ಮುಂದೆ ಹದಿಮೂರು ವರ್ಷ ಬದುಕಿದನು.

ಇಲ್ಲಿಂದ ಜಗಳದ ಕಥೆ ಆರಂಭವಾಗುತ್ತದೆ. ದೊಡ್ಡವರ ಚರಿತ್ರೆಯಲ್ಲಿ ಇಂಥದನ್ನು ಬಿಟ್ಟುಬಿಡುವುದು ವಾಡಿಕೆ; ಆದರೆ ಬಿಟ್ಟರೆ ಪೇಟೆಂಟಿನ ಸಂಗತಿ ಅರ್ಥವಾಗದು. ಶುದ್ಧಿಗೊಳಿಸುವ ಕ್ರಮವನ್ನು ಕಂಡುಹಿಡಿದ ಕಾಲಿಪರು ಅದನ್ನು ಬ್ಯಾಂಟಿಂಗರಿಗೆ ಹೇಳಲು ಒಪ್ಪಲಿಲ್ಲ. ತಂಡವನ್ನು ಬಿಟ್ಟು ತಮ್ಮ ಹೆಸರಿನಲ್ಲೇ ಪೇಟೆಂಟ್ ಪಡೆಯುವ ಮಾತನ್ನಾಡಿದರು. ಬ್ಯಾಂಟಿಂಗರು ಸಿಟ್ಟಿನಿಂದ ಅವರ ಕೊರಳಪಟ್ಟಿಗೆ ಕೈಹಾಕಿದರೆಂದೂ ಬೆಸ್ಟ್ ನಡುವೆ ಬಂದು ಬಿಡಿಸಿದರೆಂದೂ ಅವರವರೇ ಮುಂದೆ ಬರೆದಿಟ್ಟ ನೆನಪುಗಳಿಂದ ತಿಳಿಯುತ್ತದೆ. ಲಿಯೊನಾರ್ಡನಿಗೆ ಗುಣ ಕಂಡ ಎರಡೇ ದಿನಗಳಲ್ಲಿ, ಅಂದರೆ ಜನವರಿ 25ರಂದು, ವಿಶ್ವವಿದ್ಯಾಲಯದ ಕಾನಾಟ್ ಪ್ರಯೋಗಶಾಲೆಯು ಇವರೆಲ್ಲರಿಂದ ಒಂದು ಕರಾರು ಬರೆಯಿಸಿಕೊಂಡಿತು: ಯಾರೂ ಪ್ರತ್ಯೇಕವಾಗಿ ಪೇಟೆಂಟ್ ಕೇಳಕೂಡದು, ಯಾವ ಕಂಪನಿಯೊಡನೆಯೂ ವ್ಯಾಪಾರದ ಮಾತು ನಡೆಸಕೂಡದು.

ಪೇಟೆಂಟ್ ಎಂದರೇನೆಂಬುದನ್ನು ನಮ್ಮ ಕಸುಬಿನ ಉದಾಹರಣೆಯಿಂದಲೇ ಹೇಳಬಹುದು. ಹೋಟೆಲಿನ ಭಟ್ಟರು ಸಾಂಬಾರ್ ಪುಡಿಯ ಪಾಕವನ್ನು ಗುಟ್ಟಾಗಿಟ್ಟುಕೊಳ್ಳುತ್ತಾರೆ. ಅವರೊಡನೆ ಆ ಗುಟ್ಟೂ ಹೋಗುತ್ತದೆ. ಪೇಟೆಂಟ್ ಇದಕ್ಕೆ ತದ್ವಿರುದ್ಧವಾದುದು. ಹೊಸ ಪಾಕವನ್ನು ಕಂಡುಹಿಡಿದವನು ಅದನ್ನು ಎಲ್ಲರೂ ಓದುವಂತೆ ಸರ್ಕಾರಕ್ಕೆ ಬರೆದು ಕೊಡುತ್ತಾನೆ. ಅದಕ್ಕೆ ಪ್ರತಿಯಾಗಿ ಇಷ್ಟು ವರ್ಷ ಅವನ ಅಪ್ಪಣೆಯಿಲ್ಲದೆ ಬೇರೆ ಯಾರೂ ಅದನ್ನು ತಯಾರಿಸಿ ಮಾರಬಾರದೆಂದು ಸರ್ಕಾರ ಕಟ್ಟುಪಾಡು ಮಾಡುತ್ತದೆ. ಇಷ್ಟರಿಂದಲೇ ಅಪಾಯವೂ ತಿಳಿಯುವುದು. ಟೊರಾಂಟೋದವರು ಸುಮ್ಮನಿದ್ದು, ಬೇರೊಬ್ಬ ವ್ಯಾಪಾರಿ ಮುಂಚಿತವಾಗಿ ಹೋಗಿ ಪೇಟೆಂಟ್ ಪಡೆದನೆಂದರೆ, ಕಂಡುಹಿಡಿದವರೇ ತಮ್ಮ ಮದ್ದನ್ನು ತಯಾರಿಸಲಾರದೆ ಕೋರ್ಟಿಗೆ ಅಲೆಯಬೇಕಾದೀತು. ಬೆಲೆಯನ್ನು ಆ ವ್ಯಾಪಾರಿ ಗೊತ್ತುಮಾಡಿಯಾನು.

ಇದು ಬರಿಯ ಭಯವಾಗಿರಲಿಲ್ಲ. ಬರ್ಲಿನ್ನಿನ ಜಾರ್ಜ್ ಜುಲ್ಸರ್ ಎಂಬ ವೈದ್ಯರು ಇಂಥದೇ ಒಂದು ಗ್ರಂಥಿಸಾರಕ್ಕೆ 1912ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಅದರ ದುಷ್ಪರಿಣಾಮಗಳಿಂದಾಗಿ ಆ ಕೆಲಸ ನಿಂತುಹೋಗಿತ್ತು. ರುಮೇನಿಯದ ನಿಕೊಲಾಯ್ ಪೌಲೆಸ್ಕು ಎಂಬ ಪ್ರೊಫೆಸರರು ತಮ್ಮ ಪ್ರಯೋಗಗಳನ್ನು 1921ರಲ್ಲೇ ಪ್ರಕಟಿಸಿ, 1922ರ ಏಪ್ರಿಲಿನಲ್ಲಿ ತಮ್ಮ ದೇಶದಲ್ಲಿ ಪೇಟೆಂಟನ್ನೂ ಪಡೆದರು. ಪಾಪ, ಅವರ ಕೈಯಲ್ಲಿ ಕಾಗದವಿತ್ತು, ಕಾರ್ಖಾನೆಯಿರಲಿಲ್ಲ.

ಆದರೆ ಬ್ಯಾಂಟಿಂಗರಿಗೆ ಬೇರೊಂದು ಅಡ್ಡಿ ಇದ್ದಿತು. ವೈದ್ಯನಾದವನು ಮದ್ದಿಗೆ ಹಕ್ಕು ಕಟ್ಟಿ ಲಾಭ ಪಡೆಯುವುದು ವೃತ್ತಿಧರ್ಮಕ್ಕೆ ವಿರುದ್ಧವೆಂದು ಆ ಕಾಲದ ವೈದ್ಯರು ನಂಬಿದ್ದರು. ಅವರು ಪ್ರತಿಜ್ಞೆ ಸ್ವೀಕರಿಸಿದ ವೈದ್ಯರು; ಬೆಸ್ಟ್ ಮತ್ತು ಕಾಲಿಪ್ ಆಗ ವೈದ್ಯರಲ್ಲ. ಆದ್ದರಿಂದ 1922ರ ಏಪ್ರಿಲಿನಲ್ಲಿ ಈ ತಂಡವು ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ ಒಂದು ಪತ್ರ ಬರೆಯಿತು. ಬೆಸ್ಟ್, ಕಾಲಿಪ್ ಇವರಿಬ್ಬರ ಹೆಸರಿನಲ್ಲಿ ಪೇಟೆಂಟ್ ಪಡೆದು ವಿಶ್ವವಿದ್ಯಾಲಯಕ್ಕೆ ಒಪ್ಪಿಸುವುದು, ಅದರ ಉದ್ದೇಶ ಮತ್ತೊಬ್ಬರು ಬಾಗಿಲು ಮುಚ್ಚದಂತೆ ತಡೆಯುವುದು ಮಾತ್ರ ಎಂಬುದು ಅದರ ಸಾರಾಂಶ. ಆದರೆ ಅಮೆರಿಕದ ವಕೀಲರು ಇದನ್ನು ಒಪ್ಪಲಿಲ್ಲ. ನಿಜವಾಗಿ ಕಂಡುಹಿಡಿದವನ ಹೆಸರನ್ನು ಬಿಟ್ಟು ಪಡೆದ ಪೇಟೆಂಟು ಅಲ್ಲಿಯ ಕಾನೂನಿನಲ್ಲಿ ನಿಲ್ಲಲಾರದು. ಕಡೆಗೆ ಬ್ಯಾಂಟಿಂಗರು ತಮ್ಮ ಹೆಸರನ್ನೂ ಸೇರಿಸಲು ಒಪ್ಪಿದರು. 1923ರ ಜನವರಿಯಲ್ಲಿ ಮೂವರೂ ತಮ್ಮ ಹಕ್ಕನ್ನು ತಲಾ ಒಂದೊಂದು ಡಾಲರಿಗೆ ಟೊರಾಂಟೋ ವಿಶ್ವವಿದ್ಯಾಲಯದ ಆಡಳಿತ ಮಂಡಲಿಗೆ ಬರೆದುಕೊಟ್ಟರು. ಅದೇ ವರ್ಷ ಅಕ್ಟೋಬರ್ 9ರಂದು ಅಮೆರಿಕದ ಪೇಟೆಂಟ್ ಮಂಜೂರಾಯಿತು.

ಒಂದು ಡಾಲರಿನ ಈ ಸಂಗತಿಯನ್ನು ಹೇಳುವವರು ಅಲ್ಲಿಗೇ ನಿಲ್ಲಿಸಿ ತ್ಯಾಗವನ್ನು ಹೊಗಳುತ್ತಾರೆ. ಹೊಗಳಬೇಕಾದುದೇ. ಆದರೆ ವ್ಯಾಪಾರ ಮಾಡಿದ ನಮ್ಮಂಥವರಿಗೆ ಅದರ ಮುಂದಿನ ಭಾಗ ಇನ್ನೂ ರುಚಿಸುತ್ತದೆ. ವಿಶ್ವವಿದ್ಯಾಲಯವು ಇನ್ಸುಲಿನ್ ಸಮಿತಿಯೊಂದನ್ನು ನೇಮಿಸಿ, ಪರವಾನಗಿ ಪಡೆದವರು ಮಾತ್ರ ತಯಾರಿಸಬೇಕು, ತಯಾರಿಸಿದ ಮದ್ದು ಪರೀಕ್ಷೆಗೆ ಒಳಗಾಗಬೇಕು ಎಂದು ವಿಧಿಸಿತು. ಸೂಜಿಯಲ್ಲಿ ಸತ್ವ ಹೆಚ್ಚಾದರೂ ಪ್ರಾಣಕ್ಕೆ ಅಪಾಯ, ಕಡಿಮೆಯಾದರೂ ಅಪಾಯ. ಆದುದರಿಂದ ಅಳತೆಯ ಯೂನಿಟ್ಟನ್ನು ಗೊತ್ತುಮಾಡಿದರು. ಧರ್ಮಾರ್ಥವಾಗಿ ಕೊಟ್ಟ ನೀರಿಗೂ ಶೋಧಿಸುವವನೊಬ್ಬ ಬೇಕಷ್ಟೆ. ಅಮೆರಿಕದಲ್ಲಿ ಇಲೈ ಲಿಲ್ಲಿ ಕಂಪನಿಗೆ ಮೊದಲ ಒಂದು ವರ್ಷ ಮಾತ್ರ ಏಕಸ್ವಾಮ್ಯ ಕೊಟ್ಟು, ಬಳಿಕ ಬೇರೆ ಕಂಪನಿಗಳಿಗೂ ಪರವಾನಗಿ ನೀಡಿದರು. ಬ್ರಿಟನ್ನಿನ ಹಕ್ಕನ್ನು ಅಲ್ಲಿಯ ವೈದ್ಯಕೀಯ ಸಂಶೋಧನಾ ಮಂಡಲಿಗೆ ಒಪ್ಪಿಸಿದರು. ಲಿಲ್ಲಿ ಕಂಪನಿಯವರು ತಮ್ಮದೇ ಸುಧಾರಣೆಯೊಂದಕ್ಕೆ ಬೇರೆ ಪೇಟೆಂಟ್ ಕೇಳಹೊರಟಾಗ ಟೊರಾಂಟೋದವರಿಗೆ ನಿದ್ದೆಗೆಟ್ಟುದೂ ಉಂಟು.

ಪೇಟೆಂಟ್ ಅವಧಿ ತೀರಿದ ಮೇಲೂ ಆ ಮದ್ದಿನ ಚರಿತ್ರೆ ಮುಗಿಯಲಿಲ್ಲ. 1978ರಲ್ಲಿ ಸೂಕ್ಷ್ಮಜೀವಿಗಳ ಮೂಲಕ ಮನುಷ್ಯನ ಇನ್ಸುಲಿನ್ನನ್ನೇ ತಯಾರಿಸುವ ಕ್ರಮ ಬಂದಿತು; ಅಂಥದೇ ಇನ್ಸುಲಿನ್ನನ್ನು 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಮಾರುಕಟ್ಟೆಗೆ ತಂದಿತು. ಹೊಸ ಹೊಸ ಬಗೆಯ ಇನ್ಸುಲಿನ್ನುಗಳಿಗೆ ಹೊಸ ಪೇಟೆಂಟುಗಳು ಬಂದು, ಅಮೆರಿಕದಲ್ಲಿ ಬೆಲೆ ಏರಿ, ಬಡ ರೋಗಿಗಳು ಸೂಜಿಯನ್ನು ಅರ್ಧರ್ಧ ಮಾಡಿಕೊಂಡ ವರದಿಗಳನ್ನು ಓದಿದ್ದೇವೆ. 2023ರಲ್ಲಿ ಲಿಲ್ಲಿ ಕಂಪನಿಯು ಕೆಲವು ಬಗೆಗಳ ಬೆಲೆಯನ್ನು ಇಳಿಸಿತು. ಅಮೆರಿಕದಲ್ಲಿ 1980ರ ಕಾನೂನಿನ ಮೇಲೆ ವಿಶ್ವವಿದ್ಯಾಲಯಗಳು ಸರ್ಕಾರದ ಹಣದಿಂದ ಆದ ಶೋಧನೆಗಳಿಗೂ ತಾವೇ ಪೇಟೆಂಟ್ ಪಡೆಯಬಹುದಾಯಿತು. ಕೂದಲೆಳೆಗಿಂತ ಸಾವಿರಾರು ಪಾಲು ಚಿಕ್ಕದಾದ ನ್ಯಾನೋ ಕಣಗಳಲ್ಲಿ ಮದ್ದನ್ನು ತುಂಬಿ ರೋಗದ ಜಾಗಕ್ಕೇ ಕಳುಹಿಸುವ ಪ್ರೊಫೆಸರರು ಈಗ ಲೇಖನ ಬರೆಯುವ ಮೊದಲು ಪೇಟೆಂಟ್ ಅರ್ಜಿ ಬರೆಯುತ್ತಾರೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಪಡೆದ ಪೇಟೆಂಟನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಡುತ್ತಾರೆಂಬುದನ್ನು ಮಾತ್ರ ವಿಚಾರಿಸಬೇಕು.

1923ರ ನೊಬೆಲ್ ಬಹುಮಾನ ಬ್ಯಾಂಟಿಂಗ್ ಮತ್ತು ಮ್ಯಾಕ್ಲೌಡ್ ಇಬ್ಬರಿಗೆ ಬಂದಿತು. ಬ್ಯಾಂಟಿಂಗರು ಕೋಪಗೊಂಡು ತಮ್ಮ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಕೊಟ್ಟರು. ಮ್ಯಾಕ್ಲೌಡರು ತಮ್ಮದರಲ್ಲಿ ಅರ್ಧವನ್ನು ಕಾಲಿಪರಿಗೆ ಕೊಟ್ಟರು. ಮ್ಯಾಕ್ಲೌಡರ ವಿಷಯದಲ್ಲಿ ಬ್ಯಾಂಟಿಂಗರು ಕೊನೆಯವರೆಗೂ ನ್ಯಾಯವಾಗಿ ನಡೆದುಕೊಳ್ಳಲಿಲ್ಲವೆಂದೇ ನಮ್ಮ ಅಭಿಪ್ರಾಯ. ಶಂಕೆಯಿಂದಲಾದರೂ ಬಾಗಿಲು ತೆರೆದವರು ಅವರೇ ಅಲ್ಲವೆ? ಕೊರಳಪಟ್ಟಿ ಹಿಡಿಸಿಕೊಂಡ ಕಾಲಿಪರೊಡನೆ ಮಾತ್ರ ಮುಂದೆ ಒಳ್ಳೆಯ ಸ್ನೇಹ ಬೆಳೆಯಿತು.

ಕೆನಡಾದ ಪಾರ್ಲಿಮೆಂಟು ಅವರಿಗೆ ಆಜೀವ ವರ್ಷಾಶನ ಗೊತ್ತುಮಾಡಿತು. 1934ರಲ್ಲಿ ಸರ್ ಪದವಿ ಬಂದಿತು. ಆದರೆ ಎರಡನೆಯ ಇನ್ಸುಲಿನ್ ಅವರ ಕೈಗೆ ಸಿಗಲಿಲ್ಲ. ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದರು. ಹೆಸರಾಂತ ಚಿತ್ರಕಾರ ಎ. ವೈ. ಜಾಕ್ಸನ್ನರೊಡನೆ 1927ರಲ್ಲಿ ಉತ್ತರಧ್ರುವ ಪ್ರದೇಶಕ್ಕೂ ಹೋಗಿ ಹಿಮದ ದೃಶ್ಯಗಳನ್ನು ಬರೆದು ತಂದರು.

ಎರಡನೆಯ ಮಹಾಯುದ್ಧ ಬಂದಾಗ ಮತ್ತೆ ಸೈನ್ಯದ ಸಮವಸ್ತ್ರ ತೊಟ್ಟರು. ವಿಷಾನಿಲದ ಗಾಯಕ್ಕೆ ಮದ್ದು ಹುಡುಕಲು ತಮ್ಮ ಕಾಲನ್ನೇ ಸುಟ್ಟುಕೊಂಡು ಪರೀಕ್ಷಿಸಿದರು. 1941ರ ಫೆಬ್ರವರಿ 20ರ ರಾತ್ರಿ ನ್ಯೂಫೌಂಡ್ಲೆಂಡಿನ ಗ್ಯಾಂಡರಿನಿಂದ ಇಂಗ್ಲೆಂಡಿಗೆ ಹೊರಟ ಹಡ್ಸನ್ ವಿಮಾನ ಯಂತ್ರ ಕೆಟ್ಟು ಹಿಮದ ಕಾಡಿನಲ್ಲಿ ಬಿದ್ದಿತು. ವಿಮಾನ ನಡೆಸಿದವರೊಬ್ಬರು ಮಾತ್ರ ಬದುಕಿದರು. ಬ್ಯಾಂಟಿಂಗರು ಮರುದಿನ ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ ನಲವತ್ತೊಂಬತ್ತು ವರ್ಷ. ಟೊರಾಂಟೋದ ಮೌಂಟ್ ಪ್ಲೆಸೆಂಟ್ ಶ್ಮಶಾನದಲ್ಲಿ ಅವರ ಸಮಾಧಿ ಇದೆ. ಅವರು ಹುಟ್ಟಿದ ನವೆಂಬರ್ 14ನೆಯ ದಿನವನ್ನು 1991ರಿಂದ ಲೋಕದಲ್ಲೆಲ್ಲ ಮಧುಮೇಹ ದಿನವೆಂದು ಆಚರಿಸುತ್ತಿದ್ದಾರೆ. ನಮ್ಮಲ್ಲಿ ಅದು ಮಕ್ಕಳ ದಿನವೂ ಹೌದು.